ಹೆಜ್ಜೆಯಿಡಲು ಹಿಂಜರಿದ ಆನೆ

ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಎರೆಯ ಬಯಲಿನಲ್ಲಿ ಕಾಡಾನೆಯಿಲ್ಲ. ಜೋಳ, ಹತ್ತಿ, ಕಡಲೆಗಳ ಈ ನೆಲದಲ್ಲಿ ಅದಕ್ಕೆ ಮರೆಯೂ ಇಲ್ಲ, ಮೇವೂ ಇಲ್ಲ. ಕಿತ್ತೂರನ್ನು ದಾಟಿ ಪಡುವಲಿಗೆ ನಡೆದರೆ ಮಣ್ಣಿನ ಬಣ್ಣ ತಿರುಗುತ್ತದೆ, ಮಳೆ ಹೆಚ್ಚುತ್ತದೆ, ಖಾನಾಪುರದ ಕಾಡು ತೊಡಗುತ್ತದೆ. ದಾಂಡೇಲಿಯ ಕಡೆಯ ಆನೆಗಳು ಅಲ್ಲಿಯ ಬತ್ತದ ಗದ್ದೆಗಳಿಗೆ ಇಳಿಯುವುದುಂಟು. ಅಲ್ಲಿಂದ ಮೂಡಲಿಗೆ ಆನೆಯೆಂದರೆ ಬಹುಮಟ್ಟಿಗೆ ಕಲ್ಲಿನದೇ: ಬಾಗಿಲುವಾಡದ ಗಜಲಕ್ಷ್ಮಿಗೆ ನೀರೆರೆಯುವ ಜೋಡಿ, ಅಧಿಷ್ಠಾನದ ಪಟ್ಟಿಕೆಯಲ್ಲಿ ಸಾಲುಗಟ್ಟಿ ನಡೆಯುವ ಮರಿಗಳು.

ಈ ಬಯಲನ್ನಾಳಿದ ರಟ್ಟರು ತಮ್ಮ ಶಾಸನಗಳಲ್ಲಿ ಸಿಂಧೂರಲಾಂಛನರೆಂದು ಕರೆದುಕೊಂಡರು. ಪದವನ್ನು ದೀರ್ಘವಾಗಿ ಓದಿದರೆ ಅದು ಕೆಂಪು ಪುಡಿ, ಹ್ರಸ್ವವಾಗಿಸಿ ಸಿಂಧುರವೆಂದರೆ ಆನೆ. ಒಂದು ಮಾತ್ರೆಯ ಅಂತರದಲ್ಲಿ ಅರಮನೆಯ ಗುರುತೇ ಬದಲಾಗುತ್ತದೆ. ಲಿಪಿಕಾರನ ಕೈಯನ್ನು ಅವಲಂಬಿಸಿದ ಇಂಥ ಆನೆಗಳು ಶಾಸನಾಭ್ಯಾಸಿಗಳಿಗೆ ಹೊಸವಲ್ಲ.

ಆದರೆ ಸವದತ್ತಿಯ ನಿಜವಾದ ಆನೆ ಇರುವುದು ಕಾವ್ಯದಲ್ಲಿ. ರಟ್ಟರ ನಾಲ್ಕನೆಯ ಕಾರ್ತವೀರ್ಯನ ಆಸ್ಥಾನಕವಿಯೆಂದು ಸಾಹಿತ್ಯ ಚರಿತ್ರಕಾರರು ಗುರುತಿಸುವ ಪಾರ್ಶ್ವಪಂಡಿತನು 1222ರಲ್ಲಿ ರಚಿಸಿದ ಪಾರ್ಶ್ವನಾಥಪುರಾಣದ ವಸ್ತು ಇಪ್ಪತ್ತಮೂರನೆಯ ತೀರ್ಥಂಕರನ ಭವಾವಳಿ. ಆ ಭವಗಳಲ್ಲಿ ಒಂದು ಆನೆಯದು. ಅದನ್ನು ನೆನೆಯುವ ಮೊದಲು, ಆನೆಯನ್ನು ಅರಸಿ ದೂರ ದೇಶಕ್ಕೆ ಹೋಗುವ ಇನ್ನೊಂದು ಬಗೆಯ ಮನಸ್ಸನ್ನು ನೋಡಬೇಕು. ಎರಡನ್ನೂ ಎದುರುಬದುರಾಗಿ ಇಟ್ಟಲ್ಲದೆ ಈ ಕಥೆಯ ತೂಕ ತಿಳಿಯುವುದಿಲ್ಲ.

ಸಫಾರಿ ಎಂಬ ಮಾತು ಸ್ವಾಹಿಲಿಯದು, ಅದರ ಮೂಲ ಅರಬ್ಬಿಯ ಸಫರ್. ಉರ್ದುವಿನ ಮೂಲಕ ಅದೇ ಪದ ಈ ಸೀಮೆಯ ಕಿವಿಗೂ ಪರಿಚಿತ. ಬರಿಯ ಪಯಣವೆಂಬ ಅರ್ಥದ ಪದವು ಬೇಟೆಯ ಪಯಣವಾದದ್ದು ಪೂರ್ವ ಆಫ್ರಿಕದ ವಸಾಹತು ಕಾಲದಲ್ಲಿ. ಆಫ್ರಿಕಕ್ಕೆ ಮೊದಲ ಬಾರಿ ಹೋಗುವ ಬೇಟೆಗಾರನಿಗೆ ಅನುಭವಿಗಳು ಸಾಮಾನ್ಯವಾಗಿ ಹೇಳುವುದು ಚಿಗರೆಯ ಜಾತಿಯ ಪ್ರಾಣಿಗಳಿಂದ ತೊಡಗು, ಆನೆ ಆಮೇಲೆ ಎಂದೇ. ಅಮೆರಿಕದ ಅಧ್ಯಕ್ಷ ಪದವಿಯಿಂದ ಇಳಿದ ಕೆಲವೇ ವಾರಗಳಲ್ಲಿ, 1909ರಲ್ಲಿ, ಹಡಗು ಹತ್ತಿದ ಥಿಯೋಡರ್ ರೂಸ್‌ವೆಲ್ಟ್ ಕೂಡ ಆನೆಯಿಂದ ಆರಂಭಿಸಲಿಲ್ಲ. ಕಪಿಟಿ ಬಯಲಿನ ಹುಲ್ಲೆ ಚಿಗರೆಗಳನ್ನು ಹೊಡೆದು, ಸಿಂಹಗಳನ್ನು ಮುಗಿಸಿ, ಆಮೇಲೆ ಕೆನ್ಯಾ ಪರ್ವತದ ಕಾಡಿನಲ್ಲಿ ಆನೆಯ ಮುಂದೆ ನಿಂತ. ಆ ಪ್ರವಾಸದಲ್ಲಿ ತಂದೆ ಮಗ ಇಬ್ಬರೂ ಕೂಡಿ ಕೊಂದ ಪ್ರಾಣಿಗಳು 512, ಅವುಗಳಲ್ಲಿ ಆನೆಗಳು ಹನ್ನೊಂದು. ವಸ್ತುಸಂಗ್ರಹಾಲಯಕ್ಕಾಗಿ ಎಂಬ ಸಮಾಧಾನ ಅವರಿಗಿತ್ತು.

ಹಾಗಿದ್ದೂ ಮೊದಲ ಪಯಣಕ್ಕೇ ಆನೆಯನ್ನು ಆರಿಸಿಕೊಳ್ಳುವವರಿದ್ದಾರೆ. ಅವರ ಕಾರಣವನ್ನು ಹಗುರವಾಗಿ ಕಾಣುವಂತಿಲ್ಲ. ಚಿಗರೆಯನ್ನು ನೂರಾರು ಗಜ ದೂರದಿಂದ ಹೊಡೆಯಬಹುದು, ಆನೆಯನ್ನು ಹಾಗಲ್ಲ. ನಸುಕಿನಲ್ಲಿ ನೀರಿನ ಹೊಂಡದ ಬಳಿ ಹೆಜ್ಜೆ ಹುಡುಕಿ, ಹಗಲೆಲ್ಲ ಅದರ ಬೆನ್ನು ಹತ್ತಿ ನಡೆದು, ಗಾಳಿಯ ದಿಕ್ಕನ್ನು ಬೂದಿಯ ಚೀಲ ಕೊಡವಿ ನೋಡುತ್ತ, ಕೊನೆಗೆ ಇಪ್ಪತ್ತು ಮೂವತ್ತು ಹೆಜ್ಜೆಗಳಷ್ಟು ಸಮೀಪಕ್ಕೆ ಹೋಗಬೇಕು. ಗುರಿ ತಪ್ಪಿದರೆ ಓಡಲು ಜಾಗವಿರದು. ದಾರಿಯುದ್ದಕ್ಕೂ ಓದಬೇಕಾದದ್ದು ಹೆಜ್ಜೆಯ ಗುರುತನ್ನು. ಅಂಗಾಲಿನ ಗೆರೆಗಳು ಹರಿತವಾಗಿ ಮೂಡಿದ್ದರೆ ಎಳೆಯದು, ಹಿಮ್ಮಡಿಯ ಭಾಗ ಸವೆದು ನುಣುಪಾಗಿದ್ದರೆ ಮುದಿ ಸಲಗ. ಹಾಳೆಯ ಬದಲು ಧೂಳಿನ ಮೇಲೆ ಬರೆದದ್ದನ್ನು ಓದುವ ಈ ವಿದ್ಯೆಯಲ್ಲಿ ಪಾಂಡಿತ್ಯವಿದೆಯೆಂದು ಒಪ್ಪಲೇಬೇಕು. ಸಾವಿರಕ್ಕೂ ಮಿಕ್ಕಿ ಆನೆಗಳನ್ನು ಕೊಂದ ಸ್ಕಾಟ್ಲೆಂಡಿನ ಬೆಲ್ ಎಂಬಾತ ಆನೆಯ ತಲೆಬುರುಡೆಯನ್ನು ಗರಗಸದಿಂದ ಸೀಳಿಸಿ, ಮೆದುಳು ಎಲ್ಲಿದೆಯೆಂದು ಕಲಿತು, ಸಣ್ಣ ಗುಂಡಿನಿಂದಲೇ ಕೆಲಸ ಮುಗಿಸುತ್ತಿದ್ದ. ಕನ್ನಡ ನಾಡಿನಲ್ಲಿಯೂ ಗಜವಿದ್ಯೆಯ ಪಂಡಿತರಿದ್ದರು. ಗಂಗರ ಶ್ರೀಪುರುಷನು ಗಜಶಾಸ್ತ್ರವನ್ನೂ ಇಮ್ಮಡಿ ಶಿವಮಾರನು ಗಜಾಷ್ಟಕವನ್ನೂ ಬರೆದರೆಂದು ಪ್ರಸಿದ್ಧಿ. ಚಾಳುಕ್ಯರ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು ಆನೆ ಹಿಡಿಯುವ ಉಪಾಯಗಳನ್ನು ವಿವರಿಸುತ್ತದೆ. ಅರಸರಿಗೆ ಬೇಕಾದದ್ದು ಬದುಕಿದ ಆನೆ, ಬೆಲ್‌ಗೆ ಬೇಕಾದದ್ದು ದಂತ. ಅರಸರನ್ನು ಇದರಿಂದ ಕರುಣಾಳುಗಳೆನ್ನಬೇಕಾಗಿಲ್ಲ. ಹಿಡಿದ ಆನೆಯ ಗತಿ ಯುದ್ಧಭೂಮಿಯೇ ಆಗಿತ್ತು.

ಮೈಸೂರು ಸೀಮೆಯಲ್ಲಿ ಈ ಎರಡೂ ಬಗೆಗಳು ಒಬ್ಬನಲ್ಲೇ ಸೇರಿದ್ದವು. ಬೇಟೆಗಾರನೂ ಆಗಿದ್ದ ಜಿ. ಪಿ. ಸ್ಯಾಂಡರ್ಸನ್ 1874ರಲ್ಲಿ ಚಾಮರಾಜನಗರದ ಕಡೆ ಖೆಡ್ಡಾ ನಡೆಸಿ ಹಿಂಡುಹಿಂಡಾಗಿ ಆನೆ ಹಿಡಿದ. ಆ ಪದ್ಧತಿ ಕಾಕನಕೋಟೆಯಲ್ಲಿ 1971ರವರೆಗೂ ನಡೆಯಿತು. 1968ರ ಸುಮಾರಿಗೆ ಅಲ್ಲಿ ಸೆರೆಯಾದ ಅರ್ಜುನ ಮುಂದೆ ಎಂಟು ದಸರೆಗಳಲ್ಲಿ ಚಿನ್ನದ ಅಂಬಾರಿ ಹೊತ್ತ. 2023ರ ಡಿಸೆಂಬರ್ 4ರಂದು ಸಕಲೇಶಪುರದ ಯಸಳೂರು ವಲಯದಲ್ಲಿ ಕಾಡಾನೆಯೊಂದನ್ನು ಹಿಡಿಯಹೋಗಿ, ಅದರೊಡನೆ ಕಾದಾಡಿ ಸತ್ತ. ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎಂಬ ಗಾದೆ ಬೆಲೆಯ ಲೆಕ್ಕದ್ದು. ಅರ್ಜುನನಿಗಾಗಿ ಅತ್ತವರ ಬಾಯಲ್ಲಿ ಅದು ಬರಲಿಲ್ಲ.

ಇಲ್ಲಿ ಅಹಿಂಸೆಯ ಪಕ್ಷದವರು ಎದುರಿಸಲೇಬೇಕಾದ ವಾದವೊಂದಿದೆ. ಕೆನ್ಯಾ 1977ರಲ್ಲಿ ಬೇಟೆಯನ್ನು ನಿಷೇಧಿಸಿತು. ಬೋಟ್ಸ್ವಾನ 2014ರಲ್ಲಿ ನಿಷೇಧಿಸಿ 2019ರಲ್ಲಿ ಮತ್ತೆ ತೆರೆಯಿತು. ಅಲ್ಲಿ ಸುಮಾರು 1,30,000 ಆನೆಗಳಿವೆ. ಬೇಟೆಯ ಹಣ ಊರಿಗೆ ಬರುತ್ತದೆ, ಮಾಂಸ ಹಳ್ಳಿಗರ ಪಾಲಾಗುತ್ತದೆ, ಆನೆಗೆ ಬೆಲೆಯಿರುವುದರಿಂದಲೇ ಅದರ ಕಾಡು ಉಳಿಯುತ್ತದೆ ಎಂಬುದು ಅವರ ವಾದ. ಬೇಟೆಯ ಸ್ಮಾರಕಗಳ ಆಮದಿನ ಬಗ್ಗೆ ಜರ್ಮನಿ ಆಕ್ಷೇಪವೆತ್ತಿದಾಗ ಬೋಟ್ಸ್ವಾನದ ಅಧ್ಯಕ್ಷರು 2024ರಲ್ಲಿ ಇಪ್ಪತ್ತು ಸಾವಿರ ಆನೆಗಳನ್ನು ನಿಮಗೇ ಕಳಿಸುತ್ತೇವೆ, ಜೊತೆಗೆ ಬದುಕಿ ನೋಡಿ ಎಂದರು. ಕೊಡಗು ಹಾಸನಗಳ ಕಾಫಿ ತೋಟದಲ್ಲಿ ಬೆಳಗಿನ ಕೂಲಿಗೆ ಹೋಗುವ ಹೆಣ್ಣುಮಗಳಿಗೆ ಆ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. 2023ರ ಗಣತಿಯಂತೆ ಕರ್ನಾಟಕದ ಆನೆಗಳು 6,395. ಎರೆಯ ಬಯಲಿನಲ್ಲಿ ಕುಳಿತು ಆನೆಯ ದಯೆಯನ್ನು ಬರೆಯುವುದು ಸುಲಭ, ಆನೆ ತುಳಿದ ಗದ್ದೆಯ ಬದುವಿನಲ್ಲಿ ಕಷ್ಟ.

ಆದರೆ ಈ ವಾದ ಉತ್ತರಿಸುವುದು ಆನೆಯನ್ನು ಏಕೆ ಕೊಲ್ಲಲು ಬಿಡಬೇಕೆಂಬ ಪ್ರಶ್ನೆಗೆ. ಕೊಲ್ಲಲು ಒಬ್ಬ ಏಕೆ ಬಯಸಬೇಕೆಂಬ ಪ್ರಶ್ನೆ ಅದರಾಚೆ ಉಳಿಯುತ್ತದೆ. ಜೈನ ಶ್ರಾವಕಾಚಾರವು ಬೇಟೆಯನ್ನು ಸಪ್ತವ್ಯಸನಗಳಲ್ಲಿ ಸೇರಿಸಿತು, ಜೂಜು ಮತ್ತು ಮದ್ಯಪಾನಗಳ ಸಾಲಿನಲ್ಲಿ. ವ್ಯಸನವೆಂಬ ಪದದ ಆಯ್ಕೆ ಸೂಕ್ಷ್ಮವಾದುದು. ಅದರ ನೋಟವಿರುವುದು ಪ್ರಾಣಿಯ ಸಾವಿನ ಮೇಲಷ್ಟೇ ಅಲ್ಲ, ಬಿಡಲಾಗದ ಬಯಕೆಯ ಮೇಲೆ.

ಇನ್ನು ಆನೆಯ ಭವ. ಗುಣಭದ್ರಾಚಾರ್ಯರ ಉತ್ತರಪುರಾಣದಿಂದ ಬಂದ ಪರಂಪರೆಯಂತೆ, ಪೋದನಪುರದ ಮರುಭೂತಿ ತನ್ನ ಅಣ್ಣ ಕಮಠನಿಂದಲೇ ಹತನಾಗಿ ಸಲ್ಲಕೀವನದಲ್ಲಿ ವಜ್ರಘೋಷನೆಂಬ ಆನೆಯಾಗಿ ಹುಟ್ಟುತ್ತಾನೆ. ಅವನ ಒಡೆಯನಾಗಿದ್ದ ಅರವಿಂದರಾಜ ಮುನಿಯಾಗಿ ಸಾರ್ಥವೊಂದರ ಜೊತೆ ಆ ಕಾಡಿಗೆ ಬರುತ್ತಾನೆ. ಮದವೇರಿದ ಆನೆ ಮುನಿಯ ಮೇಲೆ ಏರಿಹೋಗುತ್ತದೆ, ಎದೆಯ ಶ್ರೀವತ್ಸ ಚಿಹ್ನೆಯನ್ನು ಕಂಡು ತಟ್ಟನೆ ನಿಲ್ಲುತ್ತದೆ. ಹಿಂದಿನ ಜನ್ಮ ನೆನಪಾಗುತ್ತದೆ. ಆಫ್ರಿಕದ ಬೇಟೆಗಾರ ಹಣ ತೆತ್ತು ಬಯಸುವ ಗಳಿಗೆ ಇದೇ, ಕೆಲವೇ ಹೆಜ್ಜೆಗಳ ದೂರದಲ್ಲಿ ಸೊಂಡಿಲೆತ್ತಿದ ಆನೆ. ಇಲ್ಲಿ ಎದುರು ನಿಂತವನ ಕೈ ಬರಿದು.

ವ್ರತ ಹಿಡಿದ ಮೇಲಿನ ಆ ಆನೆಯ ದಿನಚರಿ ಕಥೆಯ ಅತ್ಯಂತ ಅಪೂರ್ವ ಭಾಗ. ಬೇರೆ ಆನೆಗಳು ಮುರಿದು ಬಿಟ್ಟ ಕೊಂಬೆ, ಒಣಗಿದ ತರಗು ಅದರ ಆಹಾರ. ಇತರ ಪ್ರಾಣಿಗಳ ಕಾಲಿಗೆ ಸಿಕ್ಕಿ ಕಲಕಿದ ನೀರು ಪಾನ. ಹೊಸದಾಗಿ ಯಾವುದನ್ನೂ ತುಳಿಯಬಾರದೆಂಬ ಎಚ್ಚರ. ಶ್ವೇತಾಂಬರ ಆಗಮದ ಕಥೆಯಲ್ಲಿ ಕಾಡ್ಗಿಚ್ಚಿಗೆ ಹೆದರಿ ಕಾಲ ಕೆಳಗೆ ನುಸುಳಿದ ಮೊಲಕ್ಕಾಗಿ ಎತ್ತಿದ ಕಾಲನ್ನು ಎರಡೂವರೆ ದಿನ ಇಳಿಸದ ಆನೆ ಬರುತ್ತದೆ. ಅದು ಒಂದು ಸಂದರ್ಭದ ತ್ಯಾಗ. ವಜ್ರಘೋಷನದು ನಿತ್ಯದ ಬೇಸರದ ಕೆಲಸ, ಪ್ರತಿ ಹೆಜ್ಜೆಗೂ ಲೆಕ್ಕ. ಹೆಜ್ಜೆ ಓದುವ ನಿಪುಣನೊಬ್ಬ ಆ ಕಾಡಿಗೆ ಬಂದಿದ್ದರೆ, ತುಳಿದದ್ದನ್ನೇ ತುಳಿದ ಈ ಸಲಗದ ಜಾಡು ಅವನಿಗೆ ಹತ್ತುತ್ತಿತ್ತೋ ಇಲ್ಲವೋ.

ಉಪವಾಸದಿಂದ ಕೃಶವಾದ ಆನೆ ಒಂದು ದಿನ ನೀರಿಗೆಂದು ವೇಗವತಿ ನದಿಗೆ ಇಳಿಯುತ್ತದೆ. ಕೆಸರಿನಲ್ಲಿ ಕಾಲು ಹೂಳುತ್ತದೆ, ಎತ್ತಲು ಬಲವಿಲ್ಲ. ಕುಕ್ಕುಟಸರ್ಪವಾಗಿ ಹುಟ್ಟಿದ್ದ ಕಮಠ ಅಲ್ಲಿಗೂ ಬಂದು ಕಚ್ಚುತ್ತಾನೆ. ಬೆನ್ನಟ್ಟಿದವನು ಹೊಸ ಜನ್ಮದಲ್ಲಿಯೂ ಬಿಡಲಿಲ್ಲ, ಸಿಕ್ಕಿಬಿದ್ದದ್ದು ಸೊಂಡಿಲೆತ್ತಲಿಲ್ಲ. ಆನೆಯಿಲ್ಲದ ಮಲಪ್ರಭೆಯ ದಡದ ಸೀಮೆಯಲ್ಲಿ ರಟ್ಟರ ಆಸ್ಥಾನ ಕೇಳಿದ ಆನೆಯ ಕಥೆ ಇದು.