ಹತ್ತು ಮೀಟರಿನ ಗೆರೆ

ಇಂಗ್ಲೆಂಡಿಗೆ ಓದೋಕೆ ಬಂದ ನಮ್ಮಂಥವರಿಗೆ ಇಲ್ಲಿನ ಮೀನು ಅಂದ್ರೆ ಫಿಶ್ ಅಂಡ್ ಚಿಪ್ಸ್, ಅಷ್ಟೇ. ಅದರಾಚೆಗೆ ಯೋಚಿಸುವ ಹಾಗಾಗಿದ್ದು ಎರಡನೇ ಸೆಮಿಸ್ಟರಿನ ಗ್ರೂಪ್ ಪ್ರಾಜೆಕ್ಟಿನಿಂದ. ದಡದ ಹತ್ತಿರ ಮೀನು ಹಿಡಿಯುವ ಸಣ್ಣ ದೋಣಿಗಳಿಗೆ ಕೋಟಾ ಹೇಗೆ ಹಂಚುತ್ತಾರೆ ಅಂತ ಅಂಕಿಅಂಶ ನೋಡಿ ವರದಿ ಬರೀಬೇಕಿತ್ತು. ನಾವು ಮೂವರೂ ಎಂಜಿನಿಯರಿಂಗ್ ಮುಗಿಸಿ ಬಂದವರು. ಒಬ್ಬ ಮಲ್ಪೆ ಕಡೆಯವನು, ಉಳಿದಿಬ್ಬರು ಬಯಲುಸೀಮೆಯವರು. ಕೋಟಾ ಅಂದ ಕೂಡಲೇ ನಮಗೆ ನೆನಪಾದದ್ದು ಸಿಇಟಿ ಸೀಟು. ಆಮೇಲೆ ನೋಡಿದರೆ ಆ ಹೋಲಿಕೆ ತೀರಾ ದೂರದ್ದೇನೂ ಆಗಿರಲಿಲ್ಲ.

ವ್ಯವಸ್ಥೆ ಸ್ಥೂಲವಾಗಿ ಹೀಗಿದೆ. ಯಾವ ಮೀನನ್ನು ಯಾವ ಸಮುದ್ರಭಾಗದಲ್ಲಿ ವರ್ಷಕ್ಕೆ ಎಷ್ಟು ಟನ್ ಹಿಡಿಯಬಹುದು ಅಂತ ವಿಜ್ಞಾನಿಗಳ ಸಲಹೆ ಪಡೆದು ದೇಶಗಳು ಕೂತು ತೀರ್ಮಾನಿಸುತ್ತವೆ. ಬ್ರಿಟನ್ನಿಗೆ ಬಂದ ಪಾಲು ಒಳಗೆ ಮತ್ತೆ ಹಂಚಿಕೆಯಾಗುತ್ತೆ. 10 ಮೀಟರಿಗಿಂತ ಉದ್ದದ ಬೋಟುಗಳಲ್ಲಿ ಬಹುಪಾಲು ಉತ್ಪಾದಕರ ಸಂಘಗಳಲ್ಲಿವೆ. ಸಂಘಗಳು ತಮ್ಮ ಕೋಟಾವನ್ನು ತಾವೇ ನೋಡಿಕೊಳ್ಳುತ್ತವೆ, ಬೇಕಾದಾಗ ತಮ್ಮತಮ್ಮಲ್ಲಿ ಅದಲುಬದಲು ಮಾಡಿಕೊಳ್ಳುತ್ತವೆ. 10 ಮೀಟರ್ ಅಥವಾ ಅದಕ್ಕಿಂತ ಚಿಕ್ಕ ದೋಣಿಗಳಲ್ಲಿ ಹೆಚ್ಚಿನವಕ್ಕೆ ಎಲ್ಲರಿಗೂ ಸೇರಿ ಒಂದೇ ಪೂಲ್. ಇಂಗ್ಲೆಂಡಿನಲ್ಲಿ ಸರ್ಕಾರದ ಸಮುದ್ರ ನಿರ್ವಹಣಾ ಸಂಸ್ಥೆ, ಅಂದ್ರೆ ಎಂಎಂಒ, ಈ ತಿಂಗಳು ಈ ಮೀನು ಇಷ್ಟೇ ಕಿಲೋ ಅಂತ ಮಿತಿ ಹೇಳುತ್ತೆ. ಮಧ್ಯದಲ್ಲೇ ಆ ಮಿತಿ ಇಳಿಯಬಹುದು, ಪೂರ್ತಿ ಬಂದ್ ಕೂಡ ಆಗಬಹುದು.

ಓದಿದಾಗ ಇದರಲ್ಲಿ ಏನೂ ತೊಂದರೆ ಕಾಣಲಿಲ್ಲ. ಒಂದು ಶನಿವಾರ ರೈಲು ಹತ್ತಿ ಹೇಸ್ಟಿಂಗ್ಸಿಗೆ ಹೋದ ಮೇಲೆ ಕಂಡಿತು. ಅಲ್ಲಿ ದೋಣಿಗಳು ಬಂದರಿನಲ್ಲಿ ನಿಲ್ಲೋದಿಲ್ಲ. ಬೆಣಚುಕಲ್ಲಿನ ದಡದ ಮೇಲೇ ಇರುತ್ತವೆ. ಬುಲ್ಡೋಜರಿನಿಂದ ನೀರಿಗೆ ತಳ್ಳಬೇಕು, ವಾಪಸ್ ಬಂದಾಗ ವಿಂಚ್ ಹಾಕಿ ಮೇಲಕ್ಕೆಳೀಬೇಕು. ಹಾಗಾಗಿ ದೋಣಿ ತುಂಬ ಉದ್ದ ಇರೋ ಹಾಗೇ ಇಲ್ಲ. ನಾವು ಹೋದ ದಿನ ಗಾಳಿ ಜೋರಾಗಿತ್ತು, ಒಂದು ದೋಣಿಯೂ ಇಳಿದಿರಲಿಲ್ಲ. ದೊಡ್ಡ ಬೋಟಿನವರು ಮೀನಿನ ಹಿಂದೆ ಹೋಗಬಹುದು, ಇವರು ಮೀನು ಬರೋವರೆಗೆ ಕಾಯಬೇಕು. ಗಾಳಿಯಲ್ಲೇ ತಿಂಗಳು ಕಳೆದರೆ ಆ ತಿಂಗಳ ಮಿತಿ ಸಾಮಾನ್ಯವಾಗಿ ಹಾಗೇ ಹೋಗುತ್ತೆ. ಮೀನು ಬಂದ ತಿಂಗಳಲ್ಲಿ ಮಿತಿ ಬೇಗ ಮುಗಿಯುತ್ತೆ. ಹಿಂದೆ ಹೀಗೆ ಮಿತಿ ಮೀರಿ ಬಲೆಗೆ ಬಿದ್ದ ಕಾಡ್ ಮೀನನ್ನು, ಸತ್ತಿದ್ದರೂ, ಸಮುದ್ರಕ್ಕೇ ಎಸೆಯುತ್ತಿದ್ದರು. ಹಾಗೆ ಎಸೆಯಬಾರದು ಅನ್ನೋ ನಿಯಮ 2015ರಿಂದ 2019ರೊಳಗೆ ಹಂತಹಂತವಾಗಿ ಬಂತು.

ಬ್ರಿಟನ್ನಿನ ಮೀನುಗಾರಿಕಾ ದೋಣಿಗಳಲ್ಲಿ ನಾಲ್ಕರಲ್ಲಿ ಮೂರಕ್ಕಿಂತ ಹೆಚ್ಚು ಈ ಚಿಕ್ಕವೇ. ಕೋಟಾದಲ್ಲಿ ಇವುಗಳ ಪಾಲು ಮಾತ್ರ ಶೇಕಡಾ ಹತ್ತರೊಳಗೆ. ಏಡಿ, ಲಾಬ್‌ಸ್ಟರಿಗೆಲ್ಲ ಈ ಕೋಟಾ ಇಲ್ಲದಿರೋದರಿಂದ ಎಷ್ಟೋ ಜನ ಅದರಲ್ಲೇ ಬದುಕುತ್ತಾರೆ, ಅದು ನಿಜ. ಆದರೂ ಇಷ್ಟು ಕಡಿಮೆ ಯಾಕೆ? ಇದರ ಉತ್ತರ ಹುಡುಕುವಾಗ ಸಿಕ್ಕ ವಿಷಯ ನಮ್ಮನ್ನು ಇವತ್ತಿಗೂ ಕಾಡುತ್ತೆ. 1999ರಲ್ಲಿ ಪಾಲು ಸ್ಥಿರ ಮಾಡುವಾಗ ಮುಖ್ಯವಾಗಿ 1994ರಿಂದ 1996ರವರೆಗೆ ಯಾರು ಎಷ್ಟು ಹಿಡಿದಿದ್ದರು ಅಂತ ನೋಡಿದರು. ದೊಡ್ಡ ಬೋಟುಗಳಿಗೆ ಲಾಗ್‌ಬುಕ್ ಕಡ್ಡಾಯವಾಗಿತ್ತು, ಲೆಕ್ಕ ಇತ್ತು. 10 ಮೀಟರಿನೊಳಗಿನವರಿಗೆ ಲಾಗ್‌ಬುಕ್ ಬೇಡ ಅಂದಿದ್ದರು. ಪಾಪ, ಸಣ್ಣವರಿಗೆ ಕಾಗದಪತ್ರದ ಕಾಟ ಯಾಕೆ ಅಂತ ಕೊಟ್ಟ ವಿನಾಯಿತಿ ಅದು! ಕೊನೆಗೆ ಅವರ ಹಿಡುವಳಿಯನ್ನು ಅಂದಾಜಿನ ಮೇಲೆ ಬರೆದರು. 2005ರಲ್ಲಿ ಮೀನು ಕೊಳ್ಳುವವರು, ಮಾರುವವರು ನೋಂದಾಯಿಸಿಕೊಳ್ಳಬೇಕು ಅನ್ನೋ ನಿಯಮ ಬಂದು ಮಾರಾಟದ ಚೀಟಿಗಳು ಸಿಗತೊಡಗಿದವು. ಆಗ ತಿಳಿಯಿತು, ಸಣ್ಣ ದೋಣಿಗಳು ಅಂದಾಜಿಗಿಂತ ಸಾಕಷ್ಟು ಹೆಚ್ಚೇ ಹಿಡೀತಿದ್ದವು ಅಂತ. ಅಷ್ಟರಲ್ಲಿ ಪಾಲು ಗಟ್ಟಿಯಾಗಿ ಕೂತಾಗಿತ್ತು.

ಮುಂದೆ ದೊಡ್ಡ ಸಂಘಗಳು ಬಳಸದೆ ಉಳಿಸಿದ ಕೋಟಾದಲ್ಲಿ ಸ್ವಲ್ಪವನ್ನು ಸರ್ಕಾರ ಸಣ್ಣವರಿಗೆ ವರ್ಗಾಯಿಸಹೊರಟಿತು. ಸಂಘಗಳು ಕೋರ್ಟಿಗೆ ಹೋದವು. 2013ರಲ್ಲಿ ಹೈಕೋರ್ಟು ಸರ್ಕಾರದ ಪರ ತೀರ್ಪು ಕೊಟ್ಟಿತು. ಸಾಲ ಮಾಡಿ ಕೋಟಾ ಕೊಂಡವರ ಸಂಕಟವೂ ನಮಗೆ ಅರ್ಥವಾಗುತ್ತೆ. ಆದರೂ ಬಳಸದೆ ಬಿದ್ದಿರೋದನ್ನು ಬೇರೆಯವರಿಗೆ ಕೊಟ್ಟದ್ದು ಸರಿ ಅಂತಲೇ ನಮ್ಮ ಮೂವರ ಅಭಿಪ್ರಾಯ.

ಎಂಜಿನಿಯರುಗಳಾಗಿ ನಾವು ನಕ್ಕ ಸಂಗತಿ ಒಂದಿದೆ. ಗೆರೆ 10 ಮೀಟರಿಗೆ ಎಳೆದರು ಅಂದಮೇಲೆ 9.99 ಮೀಟರಿನ ದೋಣಿಗಳು ಹುಟ್ಟಿಕೊಂಡವು. ಉದ್ದ ಕಾನೂನಿನೊಳಗೆ, ಅಗಲ ಮತ್ತು ಎಂಜಿನ್ ಮಾತ್ರ ದೊಡ್ಡ ಬೋಟಿನದು. ಇಂಥವೂ ಅದೇ ಪೂಲಿನಿಂದ ತಿನ್ನುತ್ತವೆ. ಸಣ್ಣತನವನ್ನು ಟೇಪ್ ಹಿಡಿದು ಅಳೆದರೆ ಹೀಗೇ ಆಗೋದು.

ಮಲ್ಪೆಯವನು ಮಾತ್ರ ನಗಲಿಲ್ಲ. ಅವನ ಚಿಕ್ಕಪ್ಪನದು ನಾಡದೋಣಿ. ನಮ್ಮ ಕರಾವಳಿಯಲ್ಲಿ ಇಂಥ ಕೋಟಾ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳಿಗೆ ನಿಷೇಧ. 10 ಅಶ್ವಶಕ್ತಿಯವರೆಗಿನ ಮೋಟಾರಿನ ನಾಡದೋಣಿಗೆ ವಿನಾಯಿತಿ. ರಂಪಣಿ ಬಲೆಯ ಕಾಲದಲ್ಲಿ ಊರಿನವರೆಲ್ಲ ಸೇರಿ ಎಳೆದು ಪಾಲು ಹಂಚಿಕೊಳ್ತಿದ್ದರಂತೆ, ಪರ್ಸೀನ್ ಬೋಟು ಬಂದ ಮೇಲೆ ಅದು ಕ್ಷೀಣಿಸಿತು. ಕೇಂದ್ರ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಮೀನಿಳಿಸುವ ಜಾಗಗಳಲ್ಲಿ ಮಾದರಿ ಸಮೀಕ್ಷೆ ಮಾಡಿ ಒಟ್ಟು ಅಂದಾಜು ಕೊಡುತ್ತೆ. ಅದರಿಂದ ಒಂದೊಂದು ದೋಣಿಯ ಲೆಕ್ಕ ಸಿಗೋದಿಲ್ಲ. ನಾಳೆ ಅಲ್ಲೂ ಪಾಲು ಹಂಚೋ ದಿನ ಬಂದರೆ ಚಿಕ್ಕಪ್ಪ ಯಾವ ಪುಸ್ತಕ ತೋರಿಸಬೇಕು?

ಅವತ್ತೇ ರಾತ್ರಿ ಫೋನು ಹಾಕಿ, ದಿನಾ ಹಿಡಿದದ್ದು ಬರೆದಿಡಿ ಅಂದೆವು. "ಬರೆದ್ರೆ ಮೀನು ಜಾಸ್ತಿ ಸಿಗ್ತದಾ ಮಾರಾಯ?" ಅಂದರು. ಬರೆಯೋಕೆ ಒಪ್ಪಲಿಲ್ಲ, ಹೇಳೋಕೆ ಒಪ್ಪಿದರು. ಈಗ ಸಂಜೆ ಅವರಿಂದ ವಾಯ್ಸ್ ಮೆಸೇಜ್ ಬರುತ್ತೆ: ಬಂಗುಡೆ ಎರಡು ಬುಟ್ಟಿ, ಬೂತಾಯಿ ಅರ್ಧ, ನಂಗು ಸ್ವಲ್ಪ. ನಾವು ಸರದಿಯಂತೆ ಶೀಟಿನಲ್ಲಿ ತುಂಬುತ್ತೇವೆ. ಬುಟ್ಟಿಯನ್ನು ಕಿಲೋಗೆ ಹೇಗೆ ತರೋದು ಅಂತ ಇನ್ನೂ ಜಗಳ ನಡೀತಿದೆ. ಮೊನ್ನೆ ಬಂದ ಮೆಸೇಜಿನಲ್ಲಿ ಇದ್ದದ್ದು "ಇವತ್ತು ಗಾಳಿ" ಅಂತ, ಅಷ್ಟೇ. ಅದನ್ನೂ ಒಂದು ಸಾಲಾಗಿ ಹಾಕಿದೆವು: ಮೀನು 0, ಕಾರಣ ಗಾಳಿ.