ಹಗ್ಗ ಕಟ್ಟುವ ಮುನ್ನ



ಕೊಚ್ಚಿಯಲ್ಲೋ ತಿರುವನಂತಪುರದಲ್ಲೋ ಹುಟ್ಟಿ ಬೆಳೆದ ನಿಮಗೆ ಹಿರಿಯರ ಉಪದೇಶ ಹೊಸತಲ್ಲ. ಈ ಸಲ ನಾನು ಹೇಳಹೊರಟಿರುವುದು ನನ್ನದೇ ದಡ್ಡತನದ ಕಥೆ. ಓದಿ ನಕ್ಕರೂ ಬೇಸರವಿಲ್ಲ, ಆದರೆ ಕೊನೆಯವರೆಗೆ ಓದಿ.

2018ರ ಬೇಸಿಗೆ. ತಿರುವನಂತಪುರದ ಆಸ್ಪತ್ರೆಯೊಂದರಲ್ಲಿ ನನ್ನ ಅಣ್ಣನಿಗೆ ಮರುದಿನ ಬೆಳಿಗ್ಗೆ ಶಸ್ತ್ರಚಿಕಿತ್ಸೆ ಇತ್ತು. "ರಾತ್ರಿ ನನ್ನ ಹತ್ತಿರ ಇರು" ಎಂದು ಅವನು ಫೋನಿನಲ್ಲಿ ಕೇಳಿದ್ದ. ಮಧ್ಯಾಹ್ನ ಊಟ ಮುಗಿಸಿ ನಾನೂ ಮಗಳೂ ಕೊಚ್ಚಿಯಿಂದ ಕಾರಿನಲ್ಲಿ ಹೊರಟೆವು. ರಾಷ್ಟ್ರೀಯ ಹೆದ್ದಾರಿ 66ರಲ್ಲಿ (ನಮ್ಮ ತಲೆಮಾರಿನ ಬಾಯಲ್ಲಿ ಅದು ಇನ್ನೂ 47) ಆಲಪ್ಪುಳ, ಅಂಬಲಪ್ಪುಳ ದಾಟಿ ಹರಿಪಾಡಿನ ಹತ್ತಿರ ಬರುವಾಗ ಬಾನೆಟ್ಟಿನಿಂದ ಆವಿ ಎದ್ದಿತು. ರೇಡಿಯೇಟರಿನ ರಬ್ಬರ್ ಹೋಸ್ ಒಡೆದು ನೀರೆಲ್ಲ ಹರಿದುಹೋಗಿತ್ತು.

ಗಾಡಿಯನ್ನು ಹೊತ್ತೊಯ್ಯುವ ಲಾರಿ ಬರಲು ಎರಡು ಗಂಟೆ ಬೇಕೆಂದರು. ಅಷ್ಟರಲ್ಲಿ ಕೊಲ್ಲಂ ಕಡೆಗೆ ಹೊರಟಿದ್ದ ಪಿಕಪ್ಪಿನ ಚಾಲಕನೊಬ್ಬ ನಿಲ್ಲಿಸಿ, ಹಗ್ಗ ಕಟ್ಟಿ ಎಳೆಯುತ್ತೇನೆ ಎಂದ. ಕೊಲ್ಲಂನಲ್ಲಿ ನನಗೆ ಪರಿಚಯದ ಮೆಕ್ಯಾನಿಕ್ ಇದ್ದ. ನಾನು ಕೂಡಲೇ ಒಪ್ಪಿದೆ.

ಮಗಳು ತಡೆದಳು. "ಅಪ್ಪಾ, ಇದು ಆಟೋಮ್ಯಾಟಿಕ್. ಎಳೆಯಬಾರದು, ಬುಕ್ಕಿನಲ್ಲಿ ಬರೆದಿದೆ." ಏಕೆ ಎಂದು ಕೇಳಿದೆ. ಕನ್ನಡದಲ್ಲಿ ಶುರು ಮಾಡಿದಳು, ಮಾತು ಸಿಗದೆ ಮಲಯಾಳಕ್ಕೆ ಹೋದಳು, ಅಲ್ಲಿಂದ ಇಂಗ್ಲಿಷಿಗೆ ಹೋಗಿ ಸುಮ್ಮನಾದಳು. ನಾನೋ, "ನ್ಯೂಟ್ರಲ್ಲಿನಲ್ಲಿ ಇಟ್ಟರೆ ಏನೂ ಆಗುವುದಿಲ್ಲ. ಅಂಬಾಸಿಡರ್ ಕಾಲದಿಂದ ಎಳೆಯುತ್ತಿದ್ದೇವೆ" ಎಂದು ಅವಳ ಬಾಯಿ ಮುಚ್ಚಿಸಿದೆ.

ಕರುನಾಗಪ್ಪಳ್ಳಿಗೆ ಬರುವಷ್ಟರಲ್ಲಿ ಎಣ್ಣೆ ಸುಟ್ಟ ವಾಸನೆ ಬಂತು. ಆಗಲೂ ನಿಲ್ಲಿಸಲಿಲ್ಲ. ಕೊಲ್ಲಂನಲ್ಲಿ ಹೋಸ್ ಬದಲಾಯಿಸಲು ಅರ್ಧ ಗಂಟೆ ಸಾಕಾಯಿತು. ಎಂಜಿನ್ ಚೆನ್ನಾಗಿಯೇ ಓಡಿತು, ಆದರೆ ಗೇರ್ ಹಾಕಿದರೆ ಕಾರು ಅಲ್ಲಾಡಲಿಲ್ಲ. ಕೆಲವು ನೂರು ರೂಪಾಯಿಯಲ್ಲಿ ಮುಗಿಯಬೇಕಿದ್ದ ರಿಪೇರಿಗೆ ಗೇರ್‌ಬಾಕ್ಸನ್ನೇ ತೆತ್ತೆ. ಬಸ್ಸು ಹಿಡಿದು ಆಸ್ಪತ್ರೆ ಸೇರುವಾಗ ನಡುರಾತ್ರಿ ಕಳೆದಿತ್ತು, ಒಳಗೆ ಬಿಡಲಿಲ್ಲ. ಅಣ್ಣ ಗುಣಮುಖನಾದ, ದೇವರು ದೊಡ್ಡವನು. ಆದರೆ ಅವನು ಕೇಳಿದ್ದ ಆ ಒಂದು ರಾತ್ರಿಯನ್ನು ನಾನು ಕೊಡಲಾಗಲಿಲ್ಲ.

ಒಂದು ವಾರದ ಮೇಲೆ ಮಗಳು ಕಾಗದ ಪೆನ್ಸಿಲ್ ತಂದು ಕುಳಿತಳು. "ಅಪ್ಪಾ, ಅಜ್ಜನ ಅಡಿಕೆ ತೋಟದ ಪಂಪು ನೆನಪಿದೆಯಾ? ಪಂಪು ನಿಂತರೆ ಬಾವಿಯಲ್ಲಿ ಎಷ್ಟು ನೀರಿದ್ದರೂ ತೋಟಕ್ಕೆ ಬರುವುದಿಲ್ಲ, ಅಲ್ವಾ?" ನಮ್ಮ ಕಾರಿನಂಥ ಆಟೋಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಎಣ್ಣೆ ಹರಿಸುವ ಪಂಪನ್ನು ತಿರುಗಿಸುವುದು ಎಂಜಿನ್. ಎಂಜಿನ್ ನಿಂತರೆ ಎಣ್ಣೆ ಕೆಳಗಿನ ತಟ್ಟೆಯಲ್ಲೇ ಉಳಿಯುತ್ತದೆ. ಆದರೆ ರಸ್ತೆಯಲ್ಲಿ ಉರುಳುವ ಚಕ್ರಗಳು ಒಳಗಿನ ಗೇರುಗಳನ್ನು ತಿರುಗಿಸುತ್ತಲೇ ಇರುತ್ತವೆ. ಸಾಕಷ್ಟು ಎಣ್ಣೆ ಸಿಗದೆ ಬೇರಿಂಗು, ಪ್ಲೇಟುಗಳು ಉಜ್ಜಿ ಬಿಸಿಯಾಗಿ ಸುಡುತ್ತವೆ. ನ್ಯೂಟ್ರಲ್ಲಿಗೆ ಹಾಕಿದರೂ ಪಂಪು ತಿರುಗುವುದಿಲ್ಲ. ಹಳೆಯ ಅಂಬಾಸಿಡರಿನಲ್ಲಿ ಗೇರುಗಳು ಎಣ್ಣೆಯಲ್ಲೇ ಮುಳುಗಿ, ತಿರುಗುತ್ತಾ ತಾವೇ ಎಣ್ಣೆ ಎರಚಿಕೊಳ್ಳುತ್ತಿದ್ದವು. ನಾವು ಬಚಾವಾದದ್ದು ನಮ್ಮ ಜಾಣತನದಿಂದಲ್ಲ.

ಅಮೆರಿಕದಲ್ಲಿ ಮೋಟಾರ್‌ಹೋಮಿನ ಹಿಂದೆ ನಾಲ್ಕೂ ಚಕ್ರ ನೆಲದ ಮೇಲಿಟ್ಟು ಕಾರನ್ನು ನೂರಾರು ಮೈಲಿ ಎಳೆದೊಯ್ಯುತ್ತಾರೆ. ಅಲ್ಲಿಯೂ ಎಲ್ಲ ಕಾರಿಗೂ ಅದು ಸಲ್ಲದು. ತಯಾರಕರು ಒಪ್ಪಿದ ಮಾದರಿ ಬೇಕು. ಕೆಲವರು ಎಣ್ಣೆಗೆಂದೇ ಬೇರೆ ವಿದ್ಯುತ್ ಪಂಪು ಕೂಡಿಸುತ್ತಾರೆ. ನಮ್ಮ ಕೇರಳ ಸರ್ಕಾರವೂ 2021ರಲ್ಲಿ ಕಾರವಾನ್ ಪ್ರವಾಸ ನೀತಿ ಪ್ರಕಟಿಸಿತು. ನಾಳೆ ನೀವೂ ಅಂಥ ಗಾಡಿಯ ಹಿಂದೆ ಕಾರು ಕಟ್ಟಬಹುದು.

ಆದ್ದರಿಂದ ನೆನಪಿಡಿ. ಗಾಡಿ ಕೆಟ್ಟರೆ ಮೊದಲು ಅದರ ಕೈಪಿಡಿ ತೆಗೆಯಿರಿ. ಕೆಲವು ಕಾರುಗಳನ್ನು ನಿಧಾನವಾಗಿ ಸ್ವಲ್ಪ ದೂರ ಎಳೆಯಬಹುದು, ಕೆಲವನ್ನು ಎಳೆಯಲೇಬಾರದು. ಮುಂದಿನ ಚಕ್ರಗಳಿಂದ ಓಡುವ ಕಾರಾದರೆ ಆ ಚಕ್ರಗಳನ್ನು ಎತ್ತಿ ಒಯ್ಯಬೇಕು. ನಾಲ್ಕೂ ಚಕ್ರಗಳಿಂದ ಓಡುವುದಾದರೆ ನಾಲ್ಕನ್ನೂ ಎತ್ತಬೇಕು. ಅನುಮಾನವಿದ್ದರೆ ಲಾರಿಗೆ ಕಾಯಿರಿ. ಎಂಜಿನ್ ನಿಂತಾಗ ಬ್ರೇಕೂ ಸ್ಟಿಯರಿಂಗೂ ಬಿಗಿಯಾಗುತ್ತವೆ, ಹಗ್ಗದ ಎಳೆತ ಜೀವಕ್ಕೂ ಅಪಾಯ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ನನ್ನದು ಹಾಗಾಯಿತು. ಅಂದು ಅವಳಿಗೆ ಕನ್ನಡದ ಮಾತು ಸಿಕ್ಕಿರಲಿಲ್ಲ, ನನಗೆ ಕೇಳುವ ತಾಳ್ಮೆ ಇರಲಿಲ್ಲ. ಹೆಚ್ಚಿನ ತಪ್ಪು ನನ್ನದೇ. ಆದರೂ ನಿಮ್ಮಲ್ಲೊಂದು ಬಿನ್ನಹ: ನೀವು ಓದಿ ತಿಳಿದದ್ದನ್ನು ತಂದೆ ತಾಯಿಗೆ ಅರ್ಥವಾಗುವ ಮಾತಿನಲ್ಲಿ ಹೇಳಿ. ಕನ್ನಡ ತಡವರಿಸಿದರೂ ಚಿಂತೆಯಿಲ್ಲ, ಅಡಿಕೆ ತೋಟದ ಪಂಪು ಸಾಕು. ನಾವು ಗದರಿದರೂ ಸುಮ್ಮನಾಗಬೇಡಿ, ಇನ್ನೊಮ್ಮೆ ಹೇಳಿ.

ನಿಮ್ಮ ಪ್ರಯಾಣಗಳೆಲ್ಲ ಸುಖಕರವಾಗಿರಲಿ.