ಡಿ ಅಂದ್ರ ಭಾಳ ದೊಡ್ಡದಂತಲ್ರಿ

ಈ ಸಲ ಬರೀಲಿಕತ್ತಿದ್ದು ಬ್ರಾ ಸೈಜಿನ ವಿಷಯ. ನಗಬ್ಯಾಡ್ರಿ. ಅಕ್ಕ-ತಂಗೇರು, ನೆಗೆಣ್ಣೇರು ಕೂತಾಗ ಜಂಪರದ ಅಳತಿ ಎಷ್ಟರೆ ಮಾತಾಡ್ತೀವಿ, ಆದ್ರ ಇದರ ಅಳತಿ ಬಂತಂದ್ರ ಬಾಯಿ ಮುಚ್ಚತೀವಿ. ಹೆಗಲ ಮಾತ್ರ ದಿನಾ ನೋಯಿಸ್ಕೋತೀವಿ.

36 ಬಿ, 34 ಸಿ ಅಂತ ಬರದಿರ್ತಾರಲ್ಲ, ಅದರಾಗ ಅಂಕಿ ಎದೀದಲ್ಲ. ಎದಿ ಕೆಳಗ, ಪಕ್ಕೆಲುಬಿನ ಸುತ್ತಳತಿ ಅದು. ಎದಿ ತುಂಬ ಟೇಪು ಹಿಡದ್ರ ಅದಕ್ಕಿಂತ ಎಷ್ಟಿಂಚು ಜಾಸ್ತಿ ಬರ್ತದೋ ಅದು ಅಕ್ಷರ. ಒಂದಿಂಚಿಗೆ ಎ, ಎರಡಕ್ಕ ಬಿ, ಮೂರಕ್ಕ ಸಿ, ನಾಲ್ಕಕ್ಕ ಡಿ. ಈ ಅಕ್ಷರದ ಪದ್ಧತಿ 1932ರಾಗ ಅಮೆರಿಕಾದ ಕ್ಯಾಂಪ್ ಅನ್ನೋ ಕಂಪನಿ ಶುರು ಮಾಡಿದ್ದು.

ಹಿಂಗಾಗಿ ಬರೇ ಅಕ್ಷರ ನೋಡಿ ಎದಿ ದೊಡ್ಡದು, ಸಣ್ಣದು ಅನ್ನಲಿಕ್ಕೆ ಬರಂಗಿಲ್ಲ. 40 ಬಿ, 38 ಸಿ, 36 ಡಿ ಮೂರರ ಕಪ್ಪಿನಾಗೂ ಹಿಡಿಯೋದು ಅಷ್ಟ. ಪಟ್ಟಿ ಬ್ಯಾರೆ ಬ್ಯಾರೆ, ಅಷ್ಟೇ.

ನಮ್ಮ ತಂಗಿ ಹತ್ತು ವರ್ಷದಿಂದ 40 ಬಿ ಹಾಕ್ತಿದ್ಲು. ಎರಡೂ ಹೆಗಲಿಗೆ ಕಾಲುವಿ ತೋಡಿದಂಗ ಗುರುತು ಬಿದ್ದಾವ. "ನನ್ನ ಮೈನ ಭಾರ, ಏನ ಮಾಡ್ಲಿ" ಅಂತಿದ್ಲು. ನಾ ಹೊಲಿಗಿ ಟೇಪು ಹಿಡದು ನೋಡಿದ್ರ ಕೆಳಗ 36, ಮ್ಯಾಲೆ 40. "36 ಡಿ ಬೇಕವಾ ನಿನಗ" ಅಂದೆ. "ಅಯ್ಯ, ಡಿ ಅಂದ್ರ ಅಷ್ಟ ದೊಡ್ಡವೇನು ನಂದು?" ಅಂತ ಕಣ್ಣಾಗ ನೀರು ತಂದ್ಕೊಂಡ್ಲು. ಎದಿ ಇದ್ದಷ್ಟೇ ಅದ, ಪಟ್ಟಿ ನಾಲ್ಕಿಂಚು ಸಡ್ಲಿತ್ತು ಅಂತ ತಿಳಿಸೋದ್ರಾಗ ಸಂಜಿ ಆತು.

ಭಾರ ಹೊರೋದು ಕೆಳಗಿನ ಪಟ್ಟಿ ಕೆಲಸ, ಹೆಗಲಿಂದಲ್ಲ. ಅರ್ಧ ಲೀಟರಿನಷ್ಟು ಎದಿ ಅಂದ್ರ ಸುಮಾರು ಅರ್ಧ ಕಿಲೋ, ಎರಡೂ ಸೇರಿ ಒಂದು ಕಿಲೋ. ಪಟ್ಟಿ ಸಡ್ಲಾದ್ರ ಒಂದು ಕಿಲೋ ಸಕ್ಕರಿ ದಿನವೆಲ್ಲಾ ಹೆಗಲಿಗೆ ತೂಗಬಿಟ್ಟಂಗ. ಬೆನ್ನಾಗ ಪಟ್ಟಿ ಮ್ಯಾಲೆ ಏರ್ತಿದ್ರ ಅದು ಸಡ್ಲಾಗೇದಂತನ ಅರ್ಥ. ಹೊಸಾದ್ದು ತಗೊಂಡಾಗ ಕಡೀ ಹುಕ್ಕಿಗೆ ಬಿಗಿ ಕೂಡಬೇಕು, ಎರಡು ಬೆರಳಷ್ಟ ಒಳಗ ಹೋಗಬೇಕು. ಮುಂದ ಎಲಾಸ್ಟಿಕ್ ಸಡ್ಲಾದಂಗ ಒಳಗಿನ ಹುಕ್ಕಿಗೆ ಹಾಕ್ಕೋಬಹುದು.

ಮೈ ತೂಕ ಏರಿದ್ರ ಎದೀನೂ ಏರಬೇಕಂತಿಲ್ರಿ. ಎದಿಯೊಳಗ ಹಾಲಿನ ಗ್ರಂಥಿನೂ ಇರ್ತಾವ, ಕೊಬ್ಬೂ ಇರ್ತದ. ಕೊಬ್ಬು ಜಾಸ್ತಿ ಇದ್ದಾಕಿಗೆ ತೂಕದ ಜೋಡಿ ಏರ್ತದ, ಇಳೀತದ. ಇನ್ನೊಬ್ಬಾಕಿಗೆ ಹೊಟ್ಟಿ ಬಂದ್ರೂ ಎದಿ ಇದ್ದಂಗ ಇರ್ತದ. ಮುಟ್ಟು ನಿಂತ ಮ್ಯಾಲೆ ಗ್ರಂಥಿ ಕುಗ್ತಾವ, ಎದಿ ಮೆತ್ತಗಾಗಿ ಇಳೀತದ. ಅದಕ್ಕ ನಮ್ಮ ವಯಸ್ಸಿನಾಗ ಹಳೇ ನಂಬರ ನಂಬ್ಕೊಂಡು ಕೂಡಬಾರದು.

ಕೆಲವು ಕಡೆ ಕೆಳಗಿನ ಅಳತಿಗೆ ನಾಲ್ಕೈದು ಇಂಚು ಕೂಡಿಸೋ ಹಳೇ ಲೆಕ್ಕ ಇನ್ನೂ ಅದ. ಕಂಪನಿ ಕಂಪನಿಗೂ ಫರಕ ಇರ್ತದ. ಹಾಕ್ಕೊಂಡು, ಕೈ ಮ್ಯಾಲೆತ್ತಿ ನೋಡೇ ತಗೋರಿ. ಅಂಗಡ್ಯಾಗ ಗಂಡಸರಿದ್ರೂ ನಂಬರ ಗಟ್ಟಿಯಾಗೇ ಹೇಳ್ರಿ, ಅವರಿಗೆ ಅದು ದಿನದ ವ್ಯಾಪಾರ.

ಅಳತಿ ತಗೊಳ್ಳುವಾಗ ಕೈಗೆ ಗಂಟು ಹತ್ತಿದ್ರ, ಒಂದೇ ಬಾಜೂ ಹೊಸದಾಗಿ ದಪ್ಪಾಗಿದ್ರ, ನಾಚ್ಕೊಳ್ಳದ ಡಾಕ್ಟರಿಗೆ ತೋರಸ್ರಿ. ಟೇಪು ಎಲ್ಲಾರ ಮನ್ಯಾಗೂ ಇರ್ತದ. ಇವತ್ತ ಮಧ್ಯಾಹ್ನ ಕದಾ ಹಾಕ್ಕೊಂಡು ನೋಡ್ಕೋರಿ, ಮನ್ಯಾಗಿನ ಹೆಣ್ಣಮಕ್ಕಳಿಗೂ ಹೇಳ್ರಿ.